ಟರ್ಬೊ ನಾಲ್ಕು ಸಿಲಿಂಡರ್ ಎಂಜಿನ್: ಕಂಪನಿ ಭಾಗಗಳ ತಾಳಿಕೆ

ಕಾರ್ಖಾನೆಯಿಂದ ಬಂದ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್, ಹೆಡ್ ಗ್ಯಾಸ್ಕೆಟ್‌ಗಳನ್ನು ಮುಟ್ಟದೆ, ಬೂಸ್ಟ್ ಮತ್ತು ಇಂಧನವನ್ನಷ್ಟೇ ಏರಿಸಿದರೆ ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್ ಎಷ್ಟು ಶಕ್ತಿಯನ್ನು ತಾಳುತ್ತದೆ? ಬೆಂಗಳೂರಿನ ರಿಚರ್ಡ್ಸ್ ಟೌನ್, ಕುಕ್ ಟೌನ್, ಲಿಂಗರಾಜಪುರದ ಕಡೆ ಕಾರಿನ ಹುಚ್ಚು ಇರುವವರ ನಡುವೆ ಇದು ಬಹಳ ವರ್ಷದಿಂದ ಇರುವ ಪ್ರಶ್ನೆ. 2000ದ ದಶಕದ ಮಧ್ಯಭಾಗದಲ್ಲಿ 150 ಪಿಎಸ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತಕ್ಕೆ ಬಂತು. ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಕಂಪ್ಯೂಟರನ್ನು, ಅಂದರೆ ಇಸಿಯುವನ್ನು, ತಿದ್ದಿದರೆ ಅದೇ ಕಾರು ಬೇರೆಯೇ ಕಾರಾಗುತ್ತದೆ ಎಂಬುದು ಇಲ್ಲಿನ ಅನೇಕರಿಗೆ ಮೊದಲು ಮನದಟ್ಟಾದದ್ದು ಆ ಕಾರಿನಿಂದ. ಇಂದು ಒಂದೂವರೆ ಲೀಟರಿನ ಸಾಮಾನ್ಯ ಸೆಡಾನ್ ಕೂಡ 150ರಿಂದ 160 ಪಿಎಸ್ ಕೊಡುತ್ತದೆ, ಇಸಿಯು ತಿದ್ದುವುದಕ್ಕೆ ಹೇಳುವ ರೀಮ್ಯಾಪ್ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಒಂದು ಅಂಕಿ, ಇಷ್ಟು ಬಿಎಚ್‌ಪಿ ಎಂದು. ಅದು ಅರ್ಧ ಉತ್ತರ. ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಮೂರೂ ಗೊತ್ತಾದರೆ ಮಾತ್ರ ಎಂಜಿನ್ ಉಳಿಯುತ್ತದೋ ಇಲ್ಲವೋ ಹೇಳಬಹುದು. ಅಷ್ಟೆಲ್ಲ ಲೆಕ್ಕ ಕೈಯಲ್ಲಿ ಇಲ್ಲದವರು ನಂಬಬಹುದಾದ ಅಳತೆಗೋಲು ಒಂದಿದೆ: ಅದೇ ಬ್ಲಾಕ್, ಅದೇ ರಾಡ್, ಅದೇ ಪಿಸ್ಟನ್ ಇಟ್ಟುಕೊಂಡು ತಯಾರಕರೇ ವಾರಂಟಿ ಸಮೇತ ಮಾರಿದ ಅತಿ ಹೆಚ್ಚಿನ ಟಾರ್ಕ್ ಎಷ್ಟು ಎಂದು ನೋಡುವುದು.

ಬಿಡದಿಯ ಇನ್ನೋವಾ

ಇದಕ್ಕೆ ಕರ್ನಾಟಕದೊಳಗೇ ಸಿಗುವ ಸ್ಪಷ್ಟ ಉದಾಹರಣೆ ಡೀಸೆಲ್ಲಿನದು. 2005ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಿದ್ದ ಇನ್ನೋವಾದಲ್ಲಿ 2,494 ಸಿಸಿಯ 2ಕೆಡಿ-ಎಫ್‌ಟಿವಿ ಎಂಜಿನ್ ಇತ್ತು. ಶಕ್ತಿ 102 ಪಿಎಸ್, ಟಾರ್ಕ್ 200 ನ್ಯೂಟನ್ ಮೀಟರ್ (ಮುಂದೆ ಎನ್‌ಎಂ). ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. 2012ರಲ್ಲಿ ಅದೇ ಎರಡೂವರೆ ಲೀಟರ್ ಎಂಜಿನ್ ಫಾರ್ಚೂನರಿಗೆ ಬಂದಾಗ 144 ಪಿಎಸ್, 343 ಎನ್‌ಎಂ ಕೊಟ್ಟಿತು. ಟಾರ್ಕಿನಲ್ಲಿ ಶೇ 70ರಷ್ಟು ಏರಿಕೆ, ಅದೂ ಕಂಪನಿಯ ವಾರಂಟಿಯೊಂದಿಗೆ. ಅದಕ್ಕಾಗಿ ರೆಕ್ಕೆ ತಿರುಗುವ, ಅಂದರೆ ವೇರಿಯಬಲ್ ಜ್ಯಾಮಿಟ್ರಿಯ, ಟರ್ಬೊ ಮತ್ತು ಇಂಟರ್‌ಕೂಲರ್ ಕೂಡಿಸಬೇಕಾಯಿತು.

ಲೀಟರಿಗೆ ಎಷ್ಟು ಟಾರ್ಕ್ ಎಂದು ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಇನ್ನೋವಾದ್ದು ಲೀಟರಿಗೆ 80 ಎನ್‌ಎಂ. ಟರ್ಬೊ ಇಲ್ಲದ ಒಳ್ಳೆಯ ಪೆಟ್ರೋಲ್ ಎಂಜಿನ್ ಕೂಡ ಲೀಟರಿಗೆ ಸುಮಾರು 95 ಎನ್‌ಎಂ ಕೊಡುತ್ತದೆ. ಅಂದರೆ ಇನ್ನೋವಾದ ದಪ್ಪ ಕಬ್ಬಿಣದ ಬ್ಲಾಕು, ಡೀಸೆಲ್ಲಿಗೆಂದೇ ಮಾಡಿದ ರಾಡು ತಮ್ಮ ಶಕ್ತಿಯ ಸಣ್ಣ ಪಾಲಿನಲ್ಲೇ ದುಡಿಯುತ್ತಿದ್ದವು. ಊರೂರು ಸುತ್ತುವ ಟ್ಯಾಕ್ಸಿಗಳು ಎಂಜಿನ್ ಬಿಚ್ಚದೆ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ದಕ್ಕೆ ಚಾಲಕರ ಆರೈಕೆಯಷ್ಟೇ ಈ ಹಗುರ ಹೊರೆಯೂ ಕಾರಣ. ಹಾಗೆಂದು ಹಳೆಯ ಇನ್ನೋವಾಕ್ಕೆ ಫಾರ್ಚೂನರಿನ ಅಂಕಿ ತುಂಬಿಸಲು ಹೋಗಬಾರದು. ಇಂಟರ್‌ಕೂಲರ್ ಇಲ್ಲದೆ ಇಂಧನ ಸುರಿದರೆ ಎಗ್ಸಾಸ್ಟ್ ಕಾಯುತ್ತದೆ, ಹೊಗೆ ಕಪ್ಪಗಾಗುತ್ತದೆ. ಇನ್ನೂರು ಎನ್‌ಎಂಗೆಂದು ಹಾಕಿದ ಕ್ಲಚ್ ಪ್ಲೇಟ್ ಜಾರಲು ಶುರುವಾಗುತ್ತದೆ.

ಹೊಸ ಎಂಜಿನ್‌ಗಳಲ್ಲಿ ಇಷ್ಟು ಉಳಿಕೆ ಸಿಗುವುದಿಲ್ಲ. ಫೋಕ್ಸ್‌ವ್ಯಾಗನ್-ಸ್ಕೋಡಾದ 1.5 ಟಿಎಸ್‌ಐ 150 ಪಿಎಸ್, 250 ಎನ್‌ಎಂ, ಎಂದರೆ ಲೀಟರಿಗೆ 167. ಮಹೀಂದ್ರದ ಎರಡು ಲೀಟರ್ ಎಂಸ್ಟ್ಯಾಲಿಯನ್ ಪೆಟ್ರೋಲ್ ಎಂಜಿನ್ ಥಾರ್‌ನಲ್ಲಿ 150 ಪಿಎಸ್, ಎಕ್ಸ್‌ಯುವಿ700ರಲ್ಲಿ 200 ಪಿಎಸ್ ಮತ್ತು 380 ಎನ್‌ಎಂ. ಎರಡನೆಯದು ಲೀಟರಿಗೆ 190. ಇಲ್ಲಿ ಕಂಪನಿಯೇ ಉಳಿಕೆಯ ದೊಡ್ಡ ಪಾಲನ್ನು ಖರ್ಚು ಮಾಡಿ ಮಾರುತ್ತಿದೆ. ಥಾರ್ ಮಾಲೀಕನ ಮುಂದೆ ಕಂಪನಿಯೇ ತುಳಿದ ದಾರಿ ಇದೆ, ಎಕ್ಸ್‌ಯುವಿ700ರ ಮಾಲೀಕನ ಮುಂದೆ ಅದಿಲ್ಲ. ಇಬ್ಬರಿಗೂ ಒಂದೇ ಶೇಕಡಾ ಲೆಕ್ಕ ಹೇಳುವ ಟ್ಯೂನರ್‌ನ ಮಾತನ್ನು ಒಪ್ಪುವುದು ಕಷ್ಟ.

ಟಾರ್ಕ್ ಎಲ್ಲಿ ಬರುತ್ತದೆ

ಪಿಎಸ್ ಎಂಬುದು ಟಾರ್ಕ್ ಮತ್ತು ಆರ್‌ಪಿಎಂ ಗುಣಿಸಿ ಸುಮಾರು 7,022ರಿಂದ ಭಾಗಿಸಿದ ಅಂಕಿ. ಆಕ್ಟೇವಿಯಾ 1.8 ಟಿಎಸ್‌ಐ 250 ಎನ್‌ಎಂ ಅನ್ನು 5,100 ಆರ್‌ಪಿಎಂವರೆಗೆ ಹಿಡಿದಿಟ್ಟುಕೊಳ್ಳುವುದರಿಂದ 180 ಪಿಎಸ್ ಆಗುತ್ತದೆ. ಅದೇ ಎಂಜಿನ್ನಿಗೆ 2,000 ಆರ್‌ಪಿಎಂನಲ್ಲೇ 320 ಎನ್‌ಎಂ ತುಂಬಿದರೆ ಆ ಕ್ಷಣದ ಶಕ್ತಿ ಬರೀ 91 ಪಿಎಸ್. ಶಕ್ತಿ ಅಳೆಯುವ ಯಂತ್ರದ, ಅಂದರೆ ಡೈನೊದ, ಹಾಳೆಯಲ್ಲಿ ಕಣ್ಣಿಗೆ ಬೀಳದ ಅಂಕಿ ಅದು. ಆದರೆ ರಾಡಿಗೆ ಬೀಳುವ ಹೊಡೆತ 180 ಪಿಎಸ್ ಕೊಡುವಾಗಿನದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು.

ಈ ಎಂಜಿನ್ನಿನ ಸಿಲಿಂಡರಿನ ಬೋರ್ 82.5 ಮಿಮೀ. ಉರಿಯುವಾಗ ಒಳಗೆ 100 ಬಾರ್ ಒತ್ತಡ ಹುಟ್ಟಿತೆಂದರೆ ಪಿಸ್ಟನ್ನಿನ ನೆತ್ತಿಯ ಮೇಲೆ ಸುಮಾರು ಐದೂವರೆ ಟನ್ ಭಾರ. ಕಡಿಮೆ ಆರ್‌ಪಿಎಂನಲ್ಲಿ ಪಿಸ್ಟನ್ ನಿಧಾನವಾಗಿ ಇಳಿಯುವುದರಿಂದ ಈ ಭಾರವನ್ನು ರಾಡ್ ಹೆಚ್ಚು ಹೊತ್ತು ಹೊರುತ್ತದೆ. ಬೇರಿಂಗಿನ ಎಣ್ಣೆಯ ಪದರವೂ ತೆಳುವಾಗುತ್ತದೆ. ರಾಡ್ ಬಗ್ಗುವುದು ಹೆಚ್ಚಾಗಿ ಈ ವಲಯದಲ್ಲೇ. ಮೇಲಿನ ಆರ್‌ಪಿಎಂನಲ್ಲಿ ಕಥೆ ಬೇರೆ. ಅಲ್ಲಿ ಪಿಸ್ಟನ್ ತನ್ನ ತೂಕದಿಂದಲೇ ರಾಡನ್ನು ಎಳೆಯುತ್ತದೆ, ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6,000ದಿಂದ 7,000ಕ್ಕೆ ಹೋದರೆ ಶೇ 36 ಹೆಚ್ಚು. ರಾಡ್ ಬೋಲ್ಟುಗಳು ಸೋಲುವುದು ಅಲ್ಲಿ. ರೆವ್ ಲಿಮಿಟ್ ಏರಿಸುವುದು ಬೂಸ್ಟ್ ಏರಿಸಿದಷ್ಟೇ ಗಂಭೀರ ವಿಷಯ ಎಂದು ಎಷ್ಟೋ ಜನ ಎಣಿಸುವುದಿಲ್ಲ.

ತಯಾರಕರು ಇದನ್ನು ಬಲ್ಲರು. 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಸ್ವಿಫ್ಟ್‌ನಲ್ಲಿ 75 ಪಿಎಸ್, 190 ಎನ್‌ಎಂ. ಎರ್ಟಿಗಾ, ಸಿಯಾಜ್‌ನಲ್ಲಿ 90 ಪಿಎಸ್, 200 ಎನ್‌ಎಂ. ಶಕ್ತಿ ಶೇ 20 ಏರಿತು, ಟಾರ್ಕ್ ಶೇ 5ರಷ್ಟೇ. ಆಕ್ಟೇವಿಯಾ ಆರ್‌ಎಸ್ 2020ರಲ್ಲಿ 245 ಪಿಎಸ್ ಇದ್ದದ್ದು 2025ರಲ್ಲಿ 265 ಪಿಎಸ್ ಆಯಿತು, ಟಾರ್ಕ್ ಎರಡರಲ್ಲೂ 370 ಎನ್‌ಎಂ. ಕೆಳಗೆ ಟಾರ್ಕಿಗೆ ಬೇಲಿ ಹಾಕಿ, ಮೇಲಿನ ಆರ್‌ಪಿಎಂನಲ್ಲಿ ಗಾಳಿ ಕೊಟ್ಟು ಶಕ್ತಿ ತೆಗೆಯುವ ಈ ಕ್ರಮವನ್ನು ಒಳ್ಳೆಯ ಟ್ಯೂನರ್‌ಗಳೂ ಪಾಲಿಸುತ್ತಾರೆ. ಕೆಟ್ಟ ಮ್ಯಾಪ್‌ನ ಗುರುತು ಅದರ ತಿರುಗುಮುರುಗು: ಪೆಡಲ್ ಒತ್ತಿದೊಡನೆ 1,800ರಲ್ಲೇ ಬೆನ್ನಿಗೆ ಗುದ್ದು. ಪಿಕಪ್ ಚೆನ್ನಾಗಿದೆ ಎಂದು ಗಿರಾಕಿ ಖುಷಿಪಡುವುದೂ ಆ ಗುದ್ದಿಗೇ.

ಹಳೆಯ ಆರ್‌ಎಸ್‌ನ 1,781 ಸಿಸಿಯ, ಇಪ್ಪತ್ತು ವಾಲ್ವಿನ ಎಂಜಿನ್ನಿಗೆ ಮೇಲೆ ಹೇಳಿದ ಅಳತೆಗೋಲು ಹಿಡಿಯೋಣ. ಭಾರತದಲ್ಲಿ 150 ಪಿಎಸ್, 210 ಎನ್‌ಎಂ. ಅದೇ ಕುಟುಂಬದ ಎಂಜಿನ್ ಆಡಿ ಟಿಟಿಯಲ್ಲಿ 225 ಪಿಎಸ್, 280 ಎನ್‌ಎಂ ಕೊಟ್ಟಿತು. ಕೊನೆಗೆ ಟಿಟಿ ಕ್ವಾಟ್ರೊ ಸ್ಪೋರ್ಟ್‌ನಲ್ಲಿ 240 ಪಿಎಸ್, 320 ಎನ್‌ಎಂ. ಆದರೆ ಟಿಟಿಗೆ ದೊಡ್ಡ ಕೆ04 ಟರ್ಬೊ, ಎರಡು ಇಂಟರ್‌ಕೂಲರ್, ಕಡಿಮೆ ಕಂಪ್ರೆಷನ್ ಇದ್ದವು. ಸಣ್ಣ ಕೆ03 ಟರ್ಬೊ ಇರುವ ಆಕ್ಟೇವಿಯಾದಲ್ಲಿ 280 ಎನ್‌ಎಂ ಸುತ್ತ ನಿಲ್ಲುವುದು ವಿವೇಕ. ಕಾರಿಗೆ ಇಪ್ಪತ್ತು ವರ್ಷ ಆಗಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗಿನ ಎರಡು ಲೀಟರ್ ಇಎ888 ಎಂಜಿನ್ ಇನ್ನೂ ವಿಶಾಲವಾದ ಏಣಿ. ಸೂಪರ್ಬ್‌ನಲ್ಲಿ 190 ಪಿಎಸ್, 320 ಎನ್‌ಎಂ. ಆರ್‌ಎಸ್ 230ರಲ್ಲಿ 350 ಎನ್‌ಎಂ. ಯುರೋಪಿನ ಗಾಲ್ಫ್ ಆರ್ 333ರಲ್ಲಿ 333 ಪಿಎಸ್, 420 ಎನ್‌ಎಂ. ಸ್ಟೇಜ್ 1 ಎಂದು ಕರೆಯುವ ರೀಮ್ಯಾಪ್‌ನಿಂದ ಆರ್‌ಎಸ್ ಸುಮಾರು 300 ಪಿಎಸ್, 420ರಿಂದ 440 ಎನ್‌ಎಂ ಮುಟ್ಟುತ್ತದೆ ಎಂದು ಟ್ಯೂನರ್‌ಗಳು ಹೇಳುವ ಅಂಕಿ ಈ ಏಣಿಯ ತುದಿಯ ಹತ್ತಿರವೇ ಇದೆ. ಹಾಗಾಗಿ ಅದು ಅತಿರೇಕದ್ದೇನಲ್ಲ. ಸೂಪರ್ಬ್ ಎಂಜಿನ್ನಿಗೆ ಮಾತ್ರ ಅದೇ ಭರವಸೆ ಸಲ್ಲದು. ಸಿಸಿ ಒಂದೇ ಆದರೂ ಇಂಧನ ಉಳಿಸಲೆಂದೇ ಮಾಡಿದ ಆ ಎಂಜಿನ್ನಿನ ಟರ್ಬೊ, ಪಿಸ್ಟನ್, ಕಂಪ್ರೆಷನ್ ಬೇರೆ.

ಬಿಸಿ, ನಾಕಿಂಗ್, ಪೆಟ್ರೋಲು

ಸದ್ದಿಲ್ಲದೆ ಎಂಜಿನ್ ಕೊಲ್ಲುವುದು ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿದರೆ ಒತ್ತಡದ ಅಲೆಗಳು ಪಿಸ್ಟನ್ನಿಗೆ ಬಡಿಯುತ್ತವೆ. ಕಂಪನಿ ಕಾರುಗಳಲ್ಲಿ ಪಿಸ್ಟನ್ ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ ಮಿಶ್ರಲೋಹ. ರಿಂಗುಗಳ ನಡುವಿನ ತೆಳುವಾದ ಅಂಚು ಮೊದಲು ಬಿರಿಯುತ್ತದೆ. ನೆತ್ತಿ 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತ ಹೋಗುತ್ತದೆ. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡವನ್ನು ಕೋಟ್ಯಂತರ ಸಲ ಸಹಿಸುವ ಗುಣವಿದೆ, ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಪ್ರತಿ ಹೊಡೆತವೂ ಆಯುಷ್ಯದಿಂದ ಕಳೆಯುತ್ತದೆ.

ಇದು ಆಗುತ್ತಿದೆಯೇ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಸಾಕು. ಒಳ್ಳೆಯ ಎಂಜಿನ್ನಿನ ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣ ಹಿಡಿದಿರುತ್ತದೆ. ನಾಕಿಂಗ್ ಇದ್ದರೆ ಅದರ ಮೇಲೆ ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಸಣ್ಣ ಕಪ್ಪು ಚುಕ್ಕೆಗಳು. ಅವುಗಳ ನಡುವೆ ಬೆಳ್ಳಿಯ ಹೊಳಪಿನ ಕಣ ಕಂಡರೆ ಅದು ಪಿಸ್ಟನ್ನಿನಿಂದಲೇ ಹಾರಿಬಂದ ಅಲ್ಯೂಮಿನಿಯಂ. ಅಂಥ ಕಾರನ್ನು ಆ ಮ್ಯಾಪಿನಲ್ಲಿ ಮತ್ತೆ ಜೋರಾಗಿ ಓಡಿಸಬಾರದು.

ಭಾರತದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಬಹುಕಾಲ 91 ಇತ್ತು. ಯುರೋಪಿನಲ್ಲಿ ಇದೇ ಎಂಜಿನ್‌ಗಳನ್ನು 95, 98ಕ್ಕೆ ಹೊಂದಿಸುತ್ತಾರೆ. ಅಲ್ಲಿನ ಟ್ಯೂನಿಂಗ್ ಅಂಕಿಗಳನ್ನು ಇಲ್ಲಿ ಹಾಗೆಯೇ ನಂಬಲಾಗದ್ದಕ್ಕೆ ಮುಖ್ಯ ಕಾರಣ ಇದು. ಪವರ್ 99, ಎಕ್ಸ್‌ಪಿ 100ರಂಥ ದುಬಾರಿ ಪೆಟ್ರೋಲ್ ಬಂದ ಮೇಲೆ ನಗರದೊಳಗೆ ಈ ಕೊರತೆ ನೀಗಿತು. ಹೆದ್ದಾರಿಯ ಸಣ್ಣ ಬಂಕಿನಲ್ಲಿ ಅದು ಸಿಗದಿದ್ದಾಗ 99ಕ್ಕೆಂದು ಬರೆದ ಮ್ಯಾಪ್ ಅಪಾಯಕ್ಕೆ ಸಿಲುಕುತ್ತದೆ. ಶೇ 20 ಎಥನಾಲ್ ಸೇರಿದ ಇ20 ಪೆಟ್ರೋಲಿನ ಆಕ್ಟೇನ್ 95ರ ಮಟ್ಟದ್ದು. ಆವಿಯಾಗುವಾಗ ಒಳಗಿನ ಗಾಳಿಯನ್ನೂ ಹೆಚ್ಚು ತಣಿಸುತ್ತದೆ. ಆ ಮಟ್ಟಿಗೆ ಟರ್ಬೊ ಎಂಜಿನ್ನಿಗೆ ಒಳ್ಳೆಯದೇ. ಆದರೆ ಅದೇ ಗಾಳಿಗೆ ಇಂಧನ ಶೇ 8ರಿಂದ 9 ಹೆಚ್ಚು ಬೇಕು. ಕಂಪನಿಯ ಪಂಪು ಮತ್ತು ಇಂಜೆಕ್ಟರ್‌ಗಳಲ್ಲಿ ಟ್ಯೂನರ್ ಎಣಿಸಿದ್ದ ಉಳಿಕೆಯನ್ನು ಇದು ತಿಂದುಹಾಕುತ್ತದೆ. ಪೂರ್ಣ ವೇಗದಲ್ಲಿ ಇಂಧನ ಸಾಲದಾದರೆ ಮಿಶ್ರಣ ಬಡವಾಗಿ ಬಿಸಿ ಏರುತ್ತದೆ, ಕರಗುವುದು ಪಿಸ್ಟನ್ ಅಥವಾ ಎಗ್ಸಾಸ್ಟ್ ವಾಲ್ವ್.

ನೇರ ಇಂಜೆಕ್ಷನ್ನಿನ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ ಇನ್ನೊಂದು ರೋಗವಿದೆ: ಕಡಿಮೆ ವೇಗದಲ್ಲಿ ಸ್ಪಾರ್ಕಿಗೂ ಮೊದಲೇ ಹೊತ್ತಿಕೊಳ್ಳುವುದು. ಸಿಲಿಂಡರಿನ ಗೋಡೆಯಿಂದ ಹಾರಿದ ಎಣ್ಣೆ-ಇಂಧನದ ಹನಿ ಇದಕ್ಕೆ ಕಿಡಿಯಾಗುತ್ತದೆ. ಲಿಂಗರಾಜಪುರದ ಫ್ಲೈಓವರನ್ನು ನಾಲ್ಕನೇ ಗೇರಿನಲ್ಲಿ, 1,500 ಆರ್‌ಪಿಎಂನಲ್ಲಿ, ಪೆಡಲನ್ನು ನೆಲಕ್ಕೆ ಒತ್ತಿ ಹತ್ತಿಸುವವರು ಸರಿಯಾಗಿ ಇದಕ್ಕೆ ಬೇಕಾದ ಸ್ಥಿತಿಯನ್ನೇ ಒದಗಿಸುತ್ತಾರೆ. ಒಂದೇ ಹೊಡೆತಕ್ಕೆ ಪಿಸ್ಟನ್ನಿನ ಅಂಚು ಮುರಿಯಬಹುದು. 2018ರ ಎಪಿಐ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್‌ಗಳು ಬಂದದ್ದರ ಹಿಂದೆ ಮುಖ್ಯವಾಗಿ ಈ ರೋಗವಿತ್ತು. ಮೂರನೇ ಗೇರಿಗೆ ಇಳಿಸಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ.

ಬೆಂಗಳೂರಿನ ಎತ್ತರ

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಈ ಊರಿನಲ್ಲಿ ಗಾಳಿಯ ಒತ್ತಡ 0.91 ಬಾರ್ ಆಸುಪಾಸು, ಸಮುದ್ರಮಟ್ಟದಲ್ಲಿ 1.013. ಟರ್ಬೊ ಇಲ್ಲದ ಕಾರು ಇಲ್ಲಿ ಶೇ 10ರಷ್ಟು ಶಕ್ತಿ ಬಿಟ್ಟುಕೊಡುತ್ತದೆ. ಟರ್ಬೊ ಕಾರಿಗೆ ಎತ್ತರ ತಟ್ಟುವುದಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ಚಾಲಕನಿಗೆ ತಟ್ಟುವುದಿಲ್ಲ ನಿಜ, ಟರ್ಬೊಗೆ ತಟ್ಟುತ್ತದೆ. ಎಂಜಿನ್ನಿಗೆ 2 ಬಾರ್ ಒತ್ತಡದ ಗಾಳಿ ಕೊಡಬೇಕೆಂದರೆ ಚೆನ್ನೈಯಲ್ಲಿ ಹೊರಗಿನ ಗಾಳಿಯನ್ನು 1.97 ಪಟ್ಟು ಒತ್ತಿದರೆ ಸಾಕು, ಇಲ್ಲಿ 2.2 ಪಟ್ಟು ಒತ್ತಬೇಕು. ಹೊರಗೆ 30 ಡಿಗ್ರಿ ಇದ್ದು, ಕಂಪ್ರೆಸರಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ ಟರ್ಬೊದಿಂದ ಹೊರಬರುವ ಗಾಳಿ ಅಲ್ಲಿ 122 ಡಿಗ್ರಿ, ಇಲ್ಲಿ 139 ಡಿಗ್ರಿ. ಆ 17 ಡಿಗ್ರಿಯನ್ನು ಇಂಟರ್‌ಕೂಲರ್ ಹೆಚ್ಚುವರಿಯಾಗಿ ಹೊರಹಾಕಬೇಕು. ವೀಲರ್ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಗಾಳಿಯೇ ಆಡದೆ ನಿಂತ ಕಾರಿನಲ್ಲಿ ಅದು ಸಾಧ್ಯವಾಗುವುದಿಲ್ಲ. ಸಿಗ್ನಲ್ ಬಿಟ್ಟೊಡನೆ ಪೂರ್ತಿ ಬೂಸ್ಟ್ ಕೇಳಿದರೆ ಎಂಜಿನ್ನಿಗೆ ಹೋಗುವುದು ಕಾದ ಗಾಳಿ. ದೊಡ್ಡ ಇಂಟರ್‌ಕೂಲರ್ ಈ ಊರಿನಲ್ಲಿ ಮ್ಯಾಪ್‌ಗಿಂತ ಮೊದಲು ಹಾಕಿಸಬೇಕಾದದ್ದು.

ಇದರ ಇನ್ನೊಂದು ಮಗ್ಗುಲು ಘಟ್ಟ ಇಳಿಯುವಾಗ ಕಾಣುತ್ತದೆ. ಕಂಪನಿಯ ಇಸಿಯು ಒತ್ತಡವನ್ನು ನಿರ್ವಾತದಿಂದ ಅಳೆಯುತ್ತದೆ, ಎತ್ತರ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಹೊರಗಿನಿಂದ ತಂದು ಹಾಕುವ ಕೈತಿರುಪಿನ ಬೂಸ್ಟ್ ಕಂಟ್ರೋಲರ್ ಹಾಗಲ್ಲ, ಅದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಬಲ್ಲದು. ಇಲ್ಲಿ 1 ಬಾರ್‌ಗೆ ಹೊಂದಿಸಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ, ಮೀಟರ್ 1 ಬಾರ್ ಅನ್ನೇ ತೋರಿಸುತ್ತಿದ್ದರೂ ಎಂಜಿನ್ನಿನೊಳಗಿನ ಒತ್ತಡ ಶೇ 5ಕ್ಕೂ ಹೆಚ್ಚು ಏರಿರುತ್ತದೆ, ಅದೂ ಕರಾವಳಿಯ ಸೆಕೆಯಲ್ಲಿ. ಬೆಂಗಳೂರಿನಲ್ಲಿ ಮಿತಿಯ ಅಂಚಿಗೆ ನಿಲ್ಲಿಸಿದ ಎಂಜಿನ್ ಅಲ್ಲಿ ಮಿತಿ ದಾಟುತ್ತದೆ.

ಗೇರ್‌ಬಾಕ್ಸ್ ಮತ್ತು ಕಾಲದ ಲೆಕ್ಕ

ಎಷ್ಟೋ ಕಾರುಗಳಲ್ಲಿ ಎಂಜಿನ್ನಿಗಿಂತ ಮೊದಲು ಸೋಲುವುದು ಗೇರ್‌ಬಾಕ್ಸ್. ಪೋಲೋ ಜಿಟಿ ಟಿಎಸ್‌ಐ, ಆಕ್ಟೇವಿಯಾ 1.8, ಈಗಿನ ವರ್ಟಸ್, ಸ್ಲಾವಿಯಾ 1.5ರಲ್ಲಿರುವ ಏಳು ಗೇರಿನ ಡಿಕ್ಯೂ200 ಡಿಎಸ್‌ಜಿಗೆ ಒಣ ಕ್ಲಚ್‌ಗಳು, ತಯಾರಕರ ಮಿತಿ 250 ಎನ್‌ಎಂ. ಆಕ್ಟೇವಿಯಾ 1.8ರ ಟಾರ್ಕ್ ಸರಿಯಾಗಿ 250ಕ್ಕೇ ನಿಂತದ್ದು ಕಾಕತಾಳೀಯವಲ್ಲ: ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ ಆರು ಗೇರಿನ ಡಿಎಸ್‌ಜಿ ಇದ್ದ ಯುರೋಪಿನ 4x4 ಆಕ್ಟೇವಿಯಾದಲ್ಲಿ ಅದೇ 180 ಪಿಎಸ್ ಎಂಜಿನ್ 280 ಎನ್‌ಎಂ ಕೊಡುತ್ತಿತ್ತು. ನಿಂತು ನಿಂತು ತೆವಳುವ ನಮ್ಮ ಟ್ರಾಫಿಕ್ಕಿನಲ್ಲಿ ಒಣ ಕ್ಲಚ್ ಮೊದಲೇ ಬಳಲಿರುತ್ತದೆ. 105 ಪಿಎಸ್, 175 ಎನ್‌ಎಂನ ಪೋಲೋ ಜಿಟಿಗೆ ಇಲ್ಲಿ ಏರಲು ಜಾಗ ಇದೆ. 1.5 ಟಿಎಸ್‌ಐ ಡಿಎಸ್‌ಜಿಗೆ ಇಲ್ಲವೆಂದೇ ಹೇಳಬೇಕು.

ಸುರಕ್ಷಿತ ಎಂಬ ಪದಕ್ಕೆ ಕಾಲದ ಅಳತೆ ಇಲ್ಲದೆ ಅರ್ಥವಿಲ್ಲ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಫಾರ್ಮುಲಾ 1 ಚಾಂಪಿಯನ್ ಆದಾಗ ಹಿಂದೆ ಇದ್ದದ್ದು ಬಿಎಂಡಬ್ಲ್ಯುನ ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ. ಅದರ ಕಬ್ಬಿಣದ ಬ್ಲಾಕ್ ರಸ್ತೆಯ ಕಾರುಗಳ ಎಂ10 ಎಂಜಿನ್ನಿನದು. 1986ರ ಅರ್ಹತಾ ಸುತ್ತುಗಳಲ್ಲಿ ಅದು 1,300 ಅಶ್ವಶಕ್ತಿ ದಾಟಿತ್ತೆಂದು ಅಂದಾಜಿಸುತ್ತಾರೆ. ಆದರೆ ಆ ಮಟ್ಟದಲ್ಲಿ ಎಂಜಿನ್ನಿನಿಂದ ಕೇಳುತ್ತಿದ್ದದ್ದು ಕೆಲವೇ ಸುತ್ತು. ಮನೆಯ ಕಾರಿನಿಂದ ನಾವು ಕೇಳುವುದು ಎರಡು ಲಕ್ಷ ಕಿಲೋಮೀಟರ್. ಡೈನೊ ಮೇಲೆ ಹತ್ತು ಸೆಕೆಂಡು ನಿಂತ ಅಂಕಿ ಈ ಎರಡನೆಯದಕ್ಕೆ ಸಾಕ್ಷಿಯಾಗುವುದಿಲ್ಲ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯಲ್ಲಿನ ವಿವರ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ 182ಎ ಸೆಕ್ಷನ್ ಪ್ರಕಾರ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ಹೊತ್ತಿನಲ್ಲಿ ಮೇಲೆ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ ಶಕ್ತಿ ತೆಗೆಯುವುದು ಸುತ್ತಲಿನವರ ಉಸಿರಿಗೆ ಮಾಡುವ ಅನ್ಯಾಯ, ಅದನ್ನು ಟ್ಯೂನಿಂಗ್ ಎಂದು ಕರೆಯಲೇಬಾರದು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಇಸಿಯು ತಿದ್ದಿದ್ದು ಪತ್ತೆಯಾದರೆ ಕಂಪನಿಯ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ. ಆಮೇಲೆ ಮೂಲ ಮ್ಯಾಪ್ ಮರಳಿ ಹಾಕಿದರೂ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೇಳುವುದು ಕಷ್ಟ.

ಇಷ್ಟೆಲ್ಲ ತಿಳಿದೂ ಮುಂದುವರಿಯುವವರು ಮ್ಯಾಪ್‌ಗೆ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಗಣನೀಯವಾಗಿ ಕಡಿಮೆ ಇದ್ದರೆ ಆ ಎಂಜಿನ್ನಿಗೆ ಬೇಕಾದದ್ದು ದುರಸ್ತಿ. ಮ್ಯಾಪ್ ಆದ ಮೇಲೆ ಗರಿಷ್ಠ ಅಂಕಿಯ ಹಾಳೆಗಿಂತ ಲಾಗ್ ಕೇಳುವುದು ಮುಖ್ಯ: ಮೂರನೇ ಗೇರಿನಲ್ಲಿ ಪೂರ್ಣ ಪೆಡಲ್ ಓಟದಲ್ಲಿ ಇಸಿಯು ಪ್ರತಿ ಸಿಲಿಂಡರಿನ ಸ್ಪಾರ್ಕನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆಯಿತು, ಇಂಟರ್‌ಕೂಲರ್ ನಂತರದ ಗಾಳಿ ಎಷ್ಟು ಬಿಸಿ, ಇಂಧನದ ಒತ್ತಡ ಕುಸಿಯಿತೇ. ಈ ಮೂರು ಗೆರೆಗಳನ್ನು ತೋರಿಸಲು ಒಪ್ಪದ ಗ್ಯಾರೇಜಿಗೆ ಕಾರು ಬಿಡಬಾರದು. ಪ್ಲಗ್‌ಗಳನ್ನು ಒಂದು ದರ್ಜೆ ತಣ್ಣಗಿನವಕ್ಕೆ ಬದಲಿಸಿ, ಎಣ್ಣೆಯನ್ನು ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಬದಲಿಸುತ್ತ ಹೋಗಬೇಕು.